ಇವತ್ತು ರಾತ್ರಿ ಅವಳು ಎಲ್ಲಿ ಮಲಗಬೇಕು?

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ." ಈ ಗಾದೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಮದುವೆ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಠಾಣೆಯಲ್ಲಿ ಪೊಲೀಸರು ಹೇಳುತ್ತಾರೆ. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದು, ಅದರ ಹಿಂದೆಯೇ ಅಳು ಕೇಳಿದಾಗ ನಾವೂ ಮನಸ್ಸಿನಲ್ಲಿ ಇದನ್ನೇ ಹೇಳಿಕೊಂಡು ಟಿವಿ ಸದ್ದು ಸ್ವಲ್ಪ ಜಾಸ್ತಿ ಮಾಡುತ್ತೇವೆ.

ಸಾರಿಗೆ ಉಪ್ಪು ಹೆಚ್ಚಾಗಿದ್ದಕ್ಕೆ, ಹಬ್ಬಕ್ಕೆ ಯಾರ ಊರಿಗೆ ಹೋಗುವುದು ಎನ್ನುವುದಕ್ಕೆ ನಡೆಯುವ ಜಗಳಕ್ಕೆ ಈ ಗಾದೆ ಸರಿ. ಅಲ್ಲಿ ಇಬ್ಬರೂ ಬಾಯಿ ಮಾಡುತ್ತಾರೆ, ಇಬ್ಬರೂ ಮುನಿಸಿಕೊಳ್ಳುತ್ತಾರೆ, ಯಾರಿಗೂ ಯಾರ ಭಯವೂ ಇರುವುದಿಲ್ಲ. ಒಬ್ಬರು ಹೊಡೆದು ಇನ್ನೊಬ್ಬರು ಹೊಡೆಸಿಕೊಳ್ಳುವಾಗ, ಒಬ್ಬರ ಕಾಲಿನ ಸದ್ದು ಕೇಳಿದರೇ ಇನ್ನೊಬ್ಬರ ಎದೆ ನಡುಗುವಾಗ ಅದು ಜಗಳ ಹೇಗಾಗುತ್ತದೆ? ಎಷ್ಟೋ ಹೆಂಗಸರಿಗೆ ನಿಜವಾದ ಹಿಂಸೆ ಶುರುವಾಗುವುದೇ ಉಂಡು ಮಲಗಿದ ಮೇಲೆ. ಗಾದೆ ಆ ಕೋಣೆಯ ಬಾಗಿಲಲ್ಲೇ ನಿಂತುಬಿಡುತ್ತದೆ.

ನಮ್ಮ ರಾಜ್ಯದ ಲೆಕ್ಕವನ್ನೇ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 44.4ರಷ್ಟು ಜನ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಇಡೀ ದೇಶದ ಸರಾಸರಿ ಶೇ. 29.3. ರಾಜ್ಯಗಳ ಪೈಕಿ ನಮ್ಮದೇ ಎಲ್ಲಕ್ಕಿಂತ ಹೆಚ್ಚು. ಇದಕ್ಕಿಂತ ಹಿಂದಿನ ಸಮೀಕ್ಷೆಯಲ್ಲಿ, ಅಂದರೆ 2015-16ರಲ್ಲಿ, ಇದೇ ಕರ್ನಾಟಕದ ಸಂಖ್ಯೆ ಶೇ. 20.6 ಇತ್ತು. ಕೊರೋನಾ ಕಾಲದಲ್ಲಿ ಮನೆಯೊಳಗೇ ಕೂತಿದ್ದರಿಂದ ಹೀಗಾಯಿತು ಎಂದು ಹೇಳುವ ಹಾಗೂ ಇಲ್ಲ. ಕರ್ನಾಟಕದಲ್ಲಿ ಸಮೀಕ್ಷೆ ಮುಗಿದದ್ದು ಲಾಕ್‌ಡೌನ್‌ಗಿಂತ ಮೊದಲೇ.

ನಾಲ್ಕೇ ವರ್ಷದಲ್ಲಿ ಗಂಡಸರು ಎರಡು ಪಟ್ಟು ಕ್ರೂರಿಗಳಾದರು ಎಂದು ನಾನು ನಂಬುವುದಿಲ್ಲ. ಮೊದಲು ಬಾಯಿ ಬಿಡದ ಹೆಂಗಸರು ಈ ಸಲ ಬಾಯಿ ಬಿಟ್ಟಿರಬಹುದು. ಪ್ರಶ್ನೆ ಕೇಳಿದವರು ಇನ್ನೂ ಚೆನ್ನಾಗಿ ಕೇಳಿರಬಹುದು. ಹಾಗಾಗಿದ್ದರೆ ಹಳೆಯ ಸಂಖ್ಯೆಯೇ ಸುಳ್ಳು ಸಮಾಧಾನವಾಗಿತ್ತು ಎಂದಾಯಿತು. ಹೇಗೆ ಓದಿದರೂ ನೆಮ್ಮದಿ ಸಿಗುವುದಿಲ್ಲ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಹೇಳದೆ ಹೊರಗೆ ಹೋದರೆ, ಎದುರು ಮಾತನಾಡಿದರೆ, ಅಡುಗೆ ಸರಿ ಮಾಡದಿದ್ದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ ಏಳು ಕಾರಣ ಹೇಳಿ, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೊಡೆಯುವುದು ಸರಿಯೇ ಎಂದು ಕೇಳಿದರು. ಕರ್ನಾಟಕದ ಹೆಂಗಸರಲ್ಲಿ ಸುಮಾರು ಶೇ. 77, ಗಂಡಸರಲ್ಲಿ ಸುಮಾರು ಶೇ. 82ರಷ್ಟು ಜನ ಒಂದಾದರೂ ಕಾರಣಕ್ಕೆ ಸರಿ ಎಂದರು. ಹೊಡೆಸಿಕೊಂಡವಳೇ "ತಪ್ಪು ನನ್ನದೇ" ಅಂದುಕೊಂಡಿದ್ದರೆ ಅವಳು ದೂರು ಕೊಡುವ ಮಾತೆಲ್ಲಿ ಬಂತು? ದೇಶದಾದ್ಯಂತ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಸಹಾಯ ಕೇಳಿದವರು ಶೇ. 14ರಷ್ಟು ಮಾತ್ರ. ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಯಾರ ಹತ್ತಿರವೂ ಹೇಳಿಕೊಂಡೇ ಇಲ್ಲ. ಕೇಳಿದವರಲ್ಲೂ ಹೆಚ್ಚಿನವರು ಮೊದಲು ಹೋದದ್ದು ತವರಿಗೆ. ಪೊಲೀಸರ ಹತ್ತಿರ ಹೋದವರು ತೀರಾ ಕಡಿಮೆ.

ಹೀಗಿರುವಾಗ ಕಾನೂನು ಎಷ್ಟು ಗಟ್ಟಿ ಇದ್ದರೂ, ಅವಳ ಪಾಲಿನ ಮೊದಲ ನ್ಯಾಯಾಲಯ ಅಮ್ಮನ ಅಡುಗೆಮನೆ. ಅಲ್ಲಿ ಸಿಗುವ ತೀರ್ಪು ಸಾಮಾನ್ಯವಾಗಿ ಒಂದೇ: "ಸ್ವಲ್ಪ ಹೊಂದ್ಕೊಂಡು ಹೋಗು ಮಗಳೇ." ಅಮ್ಮ ಕೆಟ್ಟವಳು ಅಂತ ಇದರ ಅರ್ಥವಲ್ಲ. ಹಿಂದೆ ಇನ್ನೊಬ್ಬ ಮಗಳ ಮದುವೆ ಬಾಕಿ ಇದೆ. ಅಣ್ಣ ಅತ್ತಿಗೆ ಇರುವ ಮನೆಯಲ್ಲಿ ಜಾಗ ಇಲ್ಲ. ಅಮ್ಮ ತಾನೂ ಹೀಗೇ ಹೊಂದಿಕೊಂಡು ಬಂದವಳು.

ಆದ್ದರಿಂದಲೇ "ಅಷ್ಟು ಹೊಡೆಯುತ್ತಿದ್ದರೆ ಅವಳು ಯಾಕೆ ಬಿಟ್ಟು ಬರಲಿಲ್ಲ?" ಎನ್ನುವ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಕೇಳಬೇಕಾದ್ದು ಬೇರೆ. ಬಿಟ್ಟು ಬಂದರೆ ಇವತ್ತು ರಾತ್ರಿ ಅವಳು ಎಲ್ಲಿ ಮಲಗಬೇಕು? ಮಕ್ಕಳನ್ನು ಎಲ್ಲಿ ಮಲಗಿಸಬೇಕು?

ಮನೆ ಬಿಟ್ಟು ಹೋಗಬೇಕಾದವರು ಯಾರು

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ಅದು ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಹದಿನೇಳನೇ ಕಲಮಿನ ಪ್ರಕಾರ, ಅವಳು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ಪತ್ರ ಅವಳ ಹೆಸರಲ್ಲಿ ಇರಬೇಕಿಲ್ಲ. ಗಂಡನ ಹೆಸರಲ್ಲೂ ಇರಬೇಕಿಲ್ಲ. ಅತ್ತೆ ಮಾವನ ಹೆಸರಿನ ಮನೆಯಾದರೂ ಅವಳು ಅಲ್ಲಿ ಸಂಸಾರ ಹೂಡಿದ್ದರೆ ಅದು ಈ ಕಾಯ್ದೆಯ ವ್ಯಾಪ್ತಿಗೆ ಬರಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಕಾದರೆ ಹೊಡೆಯುವ ಗಂಡನೇ ಮನೆ ಬಿಡಬೇಕು ಎಂದು ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಅವಳು ಬೇರೆ ಕಡೆ ಇರಬೇಕಾಗಿ ಬಂದರೆ ಅದರ ಬಾಡಿಗೆ ಕಟ್ಟು ಎಂದು ಹೇಳಬಹುದು.

ಈ ಕಾಯ್ದೆಯ ಬಗ್ಗೆ ಜನರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಇದರಲ್ಲಿ ರಕ್ಷಣೆ ಕೇಳಿದ ತಕ್ಷಣ ಗಂಡ ಜೈಲಿಗೆ ಹೋಗುವುದಿಲ್ಲ. ಮೊದಲು ಸಿಗುವುದು ಹೊಡೆಯಬೇಡ, ಹತ್ತಿರ ಬರಬೇಡ, ಖರ್ಚಿಗೆ ಕೊಡು ಎನ್ನುವ ಆದೇಶ. ಆ ಆದೇಶ ಮುರಿದರೆ ಮಾತ್ರ ಒಂದು ವರ್ಷದ ತನಕ ಜೈಲು ಅಥವಾ 20,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಬಹಳ ಹೆಂಗಸರಿಗೆ ಬೇಕಿರುವುದೂ ಇಷ್ಟೇ. ಅವನು ಜೈಲಿಗೆ ಹೋಗುವುದಕ್ಕಿಂತ ಹೊಡೆಯುವುದು ನಿಲ್ಲಲಿ ಎನ್ನುತ್ತಾರೆ. "ಕೇಸು ಹಾಕಿದರೆ ಸಂಸಾರ ಒಡೆಯುತ್ತದೆ" ಎಂದು ಹೆದರಿಸುವವರು ಈ ದಾರಿ ಇರುವುದನ್ನು ಅವಳಿಗೆ ಹೇಳುವುದೇ ಇಲ್ಲ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ ಕ್ರಿಮಿನಲ್ ಕೇಸು ಬೇಕೆಂದರೆ ಅದು ಬೇರೆ ದಾರಿ. ಹಳೆಯ ದಂಡ ಸಂಹಿತೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಎರಡನ್ನೂ ಒಟ್ಟಿಗೇ ಹಿಡಿಯಬಹುದು.

ಏಟು ಬಿದ್ದರೆ ಮಾತ್ರ ಹಿಂಸೆ ಎಂದು ಈ ಕಾಯ್ದೆ ನೋಡುವುದಿಲ್ಲ. ಬೈದು ಕುಗ್ಗಿಸುವುದು, ಹೆದರಿಸುವುದು, ಸಂಬಳ ಕಿತ್ತುಕೊಳ್ಳುವುದು, ಒಡವೆ ಮಾರುವುದು, ಮನೆ ಖರ್ಚಿಗೆ ಕೊಡದೆ ಸತಾಯಿಸುವುದು, ಬಲವಂತದ ಲೈಂಗಿಕ ಸಂಪರ್ಕ ಎಲ್ಲವೂ ಇದರಲ್ಲಿ ಸೇರುತ್ತವೆ. ಮದುವೆಯಾಗದೆ ಗಂಡ ಹೆಂಡತಿಯ ಹಾಗೆ ಒಟ್ಟಿಗೆ ಬಾಳಿದವರಿಗೂ ಇದು ಅನ್ವಯಿಸುತ್ತದೆ.

ಇಷ್ಟೆಲ್ಲ ಇದ್ದೂ ಇದು ತಾಲ್ಲೂಕಿನಲ್ಲಿ ಸೊರಗುವುದು ಯಾಕೆ? ಕಾಯ್ದೆಯ ನಡುಗಂಬ ಸಂರಕ್ಷಣಾಧಿಕಾರಿ. ಅವಳ ಜೊತೆ ಕೂತು ಕೇಳಿ, ಕೌಟುಂಬಿಕ ಘಟನೆಯ ವರದಿ ಬರೆದು, ಮ್ಯಾಜಿಸ್ಟ್ರೇಟರ ಮುಂದೆ ಇಡಬೇಕಾದವರು ಅವರು. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೆ ಹಾಕಿದ್ದಾರೆ. ನಾವೆಲ್ಲ ಸಿಡಿಪಿಒ ಅನ್ನುತ್ತೇವಲ್ಲ, ಅವರೇ. ತಾಲ್ಲೂಕಿನ ನೂರಾರು ಅಂಗನವಾಡಿ, ಮೊಟ್ಟೆ, ಹಾಲಿನ ಪುಡಿ, ಸಭೆ, ವರದಿ ಇವುಗಳ ನಡುವೆ ಒಬ್ಬ ಹೆಣ್ಣುಮಗಳು ಊದಿದ ಮುಖ ಹೊತ್ತು ಬಾಗಿಲಲ್ಲಿ ನಿಲ್ಲುತ್ತಾಳೆ. ಅಧಿಕಾರಿಗೆ ಮನಸ್ಸಿದ್ದರೂ ಹೊತ್ತು ಎಲ್ಲಿದೆ? ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಇರಬೇಕು, ಅಲ್ಲಿಂದ 60 ದಿನದೊಳಗೆ ಅರ್ಜಿ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಈ 60 ದಿನ ಹೇಗೆ ಎಳೆಯುತ್ತದೆ ಎನ್ನುವುದು ಗೊತ್ತು. ಪೂರ್ಣಾವಧಿ ಸಂರಕ್ಷಣಾಧಿಕಾರಿ ಇಲ್ಲದೆ ಈ ಕಾಯ್ದೆ ನಡೆಯುವುದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಅಡ್ಡಿ ರಾಜಿ. ಠಾಣೆಗೆ ಬಂದವಳಿಗೆ ಈ ಕಾಯ್ದೆಯಲ್ಲಿ ಏನೇನು ಸಿಗುತ್ತದೆ, ಉಚಿತ ವಕೀಲರು ಎಲ್ಲಿದ್ದಾರೆ ಎಂದು ತಿಳಿಸುವುದು ಐದನೇ ಕಲಮಿನ ಪ್ರಕಾರ ಪೊಲೀಸರ ಕರ್ತವ್ಯ. ಎಷ್ಟೋ ಕಡೆ ನಡೆಯುವುದು ಬೇರೆ. ಗಂಡನನ್ನು ಕರೆಸಿ, ನಾಲ್ಕು ಮಾತು ಗದರಿಸಿ, ಮುಚ್ಚಳಿಕೆ ಬರೆಸಿಕೊಂಡು, "ನೋಡಮ್ಮ, ಇನ್ಮೇಲೆ ಸರಿಯಾಗಿರ್ತಾನೆ, ಮನೆಗೆ ಹೋಗು" ಎಂದು ಕಳಿಸುತ್ತಾರೆ. ಊರಿನ ಪಂಚಾಯ್ತಿಯಲ್ಲೂ ಇದೇ. ರಾಜಿ ಆಗಬೇಕಾದರೆ ಇಬ್ಬರೂ ಸಮನಾಗಿ ಕೂತಿರಬೇಕು ಅಲ್ವಾ? ಒಬ್ಬಳು ಭಯದಲ್ಲಿ ಕೂತಿದ್ದಾಳೆ, ಇನ್ನೊಬ್ಬ ಅವಮಾನದ ಸಿಟ್ಟಿನಲ್ಲಿ ಕೂತಿದ್ದಾನೆ. ಆ ಸಿಟ್ಟು ಇಳಿಯುವ ಜಾಗ ಠಾಣೆಯಲ್ಲ, ಮನೆ.

ಇಲ್ಲಿ ಒಂದು ವಿಷಯವನ್ನು ಎಲ್ಲರೂ ತಿಳಿದಿರಬೇಕು. ಹಿಂಸೆಯ ಸಂಬಂಧದಲ್ಲಿ ಅತ್ಯಂತ ಅಪಾಯದ ಹೊತ್ತು ಅವಳು ಬಿಟ್ಟು ಹೊರಡುವ ಹೊತ್ತು. ಅವನ ಹಿಡಿತ ಜಾರುತ್ತಿದೆ ಎಂದು ಅವನಿಗೆ ಅನಿಸುವುದೇ ಆಗ. ಅವನು ಹಿಂದೆ ಅವಳ ಕುತ್ತಿಗೆ ಹಿಸುಕಿದ್ದರೆ ಅದು ಇನ್ನೂ ದೊಡ್ಡ ಎಚ್ಚರಿಕೆ. ಕುತ್ತಿಗೆ ಹಿಸುಕಿದಾಗ ಹೊರಗೆ ಗಾಯವೇ ಕಾಣದಿರಬಹುದು. ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ದನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ, ತಲೆ ಸುತ್ತಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಸಾಯಿಸುತ್ತೇನೆ ಎನ್ನುವ ಮಾತು, ಮನೆಯಲ್ಲಿ ಮಚ್ಚು ಬಂದೂಕು ಇರುವುದು, ಹೋದಲ್ಲಿ ಬಂದಲ್ಲಿ ಹಿಂಬಾಲಿಸುವುದು, ಬಸುರಿಯಾಗಿದ್ದಾಗ ಹೊಡೆದಿರುವುದು, ಇವನ್ನೆಲ್ಲ "ಕುಡಿದಾಗ ಹಾಗೆ ಆಡ್ತಾನೆ" ಎಂದು ತೇಲಿಸಬಾರದು.

ಹೀಗೆ ತೇಲಿಸಿದ್ದರ ಬೆಲೆ ಬೆಂಗಳೂರಿಗೆ ಹಿಂದಿನಿಂದಲೂ ಗೊತ್ತು. 1979ರಲ್ಲಿ ಶುರುವಾದ ವಿಮೋಚನಾ ಎಂಬ ಮಹಿಳಾ ಸಂಘಟನೆಯ ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಎಳೆಯ ಸೊಸೆಯಂದಿರ ಹಾಸಿಗೆಯ ಪಕ್ಕ ಕೂತು ಕೇಳಿದವರು. ಕಾಗದದಲ್ಲಿ "ಸ್ಟವ್ ಸಿಡಿದು ಸಾವು" ಎಂದು ಇರುತ್ತಿತ್ತು. ಅದೇ ಸ್ಟವ್ ಅತ್ತೆಗೆ, ಗಂಡನಿಗೆ ಯಾಕೆ ಸಿಡಿಯುವುದಿಲ್ಲ ಎಂದು ಕೇಳಿದ್ದರಿಂದ ಎಷ್ಟೋ ಅಪಘಾತಗಳ ಹಿಂದಿನ ಕಥೆ ಹೊರಗೆ ಬಂತು.

ಕೋಣೆಯ ಬಾಗಿಲು ಮುಚ್ಚಿದ ಮೇಲೆ

ಅತ್ಯಾಚಾರ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕತ್ತಲ ದಾರಿ, ಗೊತ್ತಿಲ್ಲದ ಗಂಡಸು. ಪೊಲೀಸರಲ್ಲಿ ದಾಖಲಾದ ಪ್ರಕರಣಗಳನ್ನು ನೋಡಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಅವಳಿಗೆ ಗೊತ್ತಿರುವವನೇ. ನೆಂಟ, ಪಕ್ಕದ ಮನೆಯವನು, ಗೆಳೆಯ, ಕೆಲಸ ಕೊಟ್ಟವನು. ಈ ಲೆಕ್ಕದಲ್ಲಿ ಒಟ್ಟಿಗೆ ಬಾಳುತ್ತಿರುವ ಗಂಡ ಸೇರಿಲ್ಲ. ಕಾನೂನು ಅವನನ್ನು ಹೊರಗಿಟ್ಟಿದೆ. 2024ರ ಜುಲೈ 1ರಂದು ಹೊಸ ನ್ಯಾಯ ಸಂಹಿತೆ ಬಂದಾಗ 1860ರ ದಂಡ ಸಂಹಿತೆಯ ಎಷ್ಟೋ ಮಾತು ಬದಲಾಯಿತು, ಈ ವಿನಾಯಿತಿ ಮಾತ್ರ 63ನೇ ಕಲಮಿನಲ್ಲಿ ಹಾಗೇ ಉಳಿಯಿತು. ಹೆಂಡತಿಗೆ 18 ತುಂಬಿದ್ದರೆ ಗಂಡನ ಬಲವಂತ ಅತ್ಯಾಚಾರವಲ್ಲ. ಇದನ್ನು ತೆಗೆಯಿರಿ ಎಂದು, ಅತ್ಯಾಚಾರದ ಕಾನೂನು ಪರಿಶೀಲಿಸಲು ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರ ಜನವರಿಯಲ್ಲೇ ಹೇಳಿತ್ತು.

ಈ ಚರ್ಚೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಮಾಡಿದವನು ಗಂಡನೇ ಆದರೂ ಅತ್ಯಾಚಾರ ಅತ್ಯಾಚಾರವೇ ಎಂಬ ಅರ್ಥದ ತೀರ್ಪು ಕೊಟ್ಟು, ಒಬ್ಬ ಗಂಡನ ಮೇಲಿನ ಆ ಆರೋಪ ಕೈಬಿಡಲು ಒಪ್ಪಲಿಲ್ಲ. ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಈ ವಿನಾಯಿತಿಯ ಬಗ್ಗೆ ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಪು ಬರೆದಿದ್ದರು. ಪ್ರಶ್ನೆ ಈಗ ಸುಪ್ರೀಂ ಕೋರ್ಟಿನದು. ಇತರ ಕಾನೂನುಗಳೇ ಸಾಕು, ಇದನ್ನು ಅತ್ಯಾಚಾರ ಎಂದರೆ ಮದುವೆಗೆ ಪೆಟ್ಟು ಬೀಳುತ್ತದೆ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ವಾದಿಸಿತು. ಮದುವೆಗೆ ಪೆಟ್ಟು ಬೀಳುವುದು ಬಲವಂತದಿಂದಲೋ, ಬಲವಂತಕ್ಕೆ ಹೆಸರಿಟ್ಟಿದ್ದರಿಂದಲೋ? ನನ್ನ ಉತ್ತರ ಓದುಗರಿಗೆ ಗೊತ್ತಾಗಿರುತ್ತದೆ.

ಒಂದು ಕಿಟಕಿಯಂತೂ ತೆರೆದಿದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಗರ್ಭಪಾತದ ಕಾಯ್ದೆಯ ಮಟ್ಟಿಗೆ ಅತ್ಯಾಚಾರ ಎಂಬ ಪದದಲ್ಲಿ ಗಂಡನ ಬಲವಂತವೂ ಸೇರುತ್ತದೆ ಎಂದಿತು. ಬಲವಂತದಿಂದ ಬಸುರಾದ ಹೆಂಡತಿಯೂ 24 ವಾರದ ತನಕ ಗರ್ಭ ತೆಗೆಸಿಕೊಳ್ಳಲು ಕೇಳಬಹುದು. ಇದು ಎಷ್ಟೋ ವೈದ್ಯರಿಗೂ ಗೊತ್ತಿರಲಿಕ್ಕಿಲ್ಲ.

ಲೈಂಗಿಕ ದಾಳಿ ಆದವಳಿಗೆ ಮೊದಲು ಬೇಕಾದದ್ದು ಚಿಕಿತ್ಸೆ. ಸರ್ಕಾರಿ ಇರಲಿ ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಇಲ್ಲ ಎಂದರೆ ಅದೇ ಅಪರಾಧ. ಆಸ್ಪತ್ರೆ ಪೊಲೀಸರಿಗೆ ತಿಳಿಸಬೇಕು ನಿಜ, ಆದರೆ ದೂರು ಕೊಟ್ಟರೆ ಮಾತ್ರ ಮುಟ್ಟುತ್ತೇವೆ ಎನ್ನುವ ಹಾಗಿಲ್ಲ. ಗರ್ಭ ತಡೆಯುವ ಮಾತ್ರೆ, ಎಚ್‌ಐವಿ ತಡೆಯುವ ಔಷಧ ಎರಡನ್ನೂ 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಸಾಕ್ಷ್ಯ ಸಂಗ್ರಹಕ್ಕೆ 96 ಗಂಟೆ ತನಕ ಅವಕಾಶ ಇದೆ. ಬಟ್ಟೆ ಒಗೆಯದೆ ಕಾಗದದಲ್ಲಿ ಸುತ್ತಿಟ್ಟರೆ ಒಳ್ಳೆಯದು, ಪ್ಲಾಸ್ಟಿಕ್ ಬೇಡ. ಸ್ನಾನ ಮಾಡಿಬಿಟ್ಟಿದ್ದರೂ ಹೋಗಬೇಕು. ಯೋನಿಯೊಳಗೆ ಬೆರಳು ಹಾಕಿ ನೋಡುವ ಹಳೆಯ "ಎರಡು ಬೆರಳ ಪರೀಕ್ಷೆ"ಯನ್ನು ಸುಪ್ರೀಂ ಕೋರ್ಟ್ 2013ರಲ್ಲೇ ತಪ್ಪು ಎಂದಿತ್ತು. 2022ರ ಅಕ್ಟೋಬರ್‌ನಲ್ಲಿ, ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಇನ್ನೂ ಕಟುವಾಗಿ ಹೇಳಿತು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, "ನಮ್ಮ ಸರಹದ್ದಲ್ಲ" ಎನ್ನುವ ಮಾತು ನಡೆಯುವುದಿಲ್ಲ. ಹೇಳಿಕೆ ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ಅವಳ ಹೆಸರು, ಗುರುತು ಎಲ್ಲೂ ಹೊರಗೆ ಬರಬಾರದು. ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೊ ಹಂಚುವವರಿಗೂ ಈ ಕಾನೂನು ಅನ್ವಯಿಸುತ್ತದೆ.

ಮೊದಲೇ ತಡೆಯುವುದು

ಕುಡಿತ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಬಹಳ. ಕುಡಿತಕ್ಕೂ ಹಿಂಸೆಗೂ ನಂಟು ಇದ್ದೇ ಇದೆ. ಮೇಲೆ ಹೇಳಿದ ಸಮೀಕ್ಷೆಯಲ್ಲೇ, ಗಂಡ ಆಗಾಗ ಕುಡಿದು ಬರುವ ಮನೆಗಳ ಹೆಂಗಸರಲ್ಲಿ ಶೇ. 70ರಷ್ಟು ಜನ ಹಿಂಸೆ ಕಂಡವರು. ಆದರೆ ಗಂಡ ಕುಡಿಯದೇ ಇರುವ ಮನೆಗಳಲ್ಲೂ ಶೇ. 23ರಷ್ಟು ಜನ ಕಂಡಿದ್ದಾರೆ. ಕುಡಿದವನು ದಾರಿಯಲ್ಲಿ ಸಿಕ್ಕ ಪೊಲೀಸರಿಗೆ ಹೊಡೆಯುವುದಿಲ್ಲ, ಮನೆಗೆ ಬಂದು ಹೆಂಡತಿಗೆ ಹೊಡೆಯುತ್ತಾನೆ. ಯಾರಿಗೆ ಹೊಡೆದರೆ ದಕ್ಕುತ್ತದೆ ಎನ್ನುವ ಲೆಕ್ಕ ಅಮಲಿನಲ್ಲೂ ತಪ್ಪುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡ ಸುಳಿವು ಕಾಣುವುದು ಕೇರಳದ ಒಂದು ಅಧ್ಯಯನದಲ್ಲಿ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್ವಾಲ್ ತಿರುವನಂತಪುರ ಜಿಲ್ಲೆಯಲ್ಲಿ ಸುಮಾರು 500 ಮಹಿಳೆಯರನ್ನು ಕೇಳಿ 2005ರಲ್ಲಿ ಪ್ರಕಟಿಸಿದ್ದು. ಹೆಸರಲ್ಲಿ ಆಸ್ತಿಯೇ ಇಲ್ಲದವರಲ್ಲಿ ಶೇ. 49 ಜನ ಗಂಡನ ಏಟು ತಿಂದಿದ್ದರು. ಜಮೀನು ಇದ್ದವರಲ್ಲಿ ಶೇ. 18, ಮನೆ ಇದ್ದವರಲ್ಲಿ ಶೇ. 10, ಎರಡೂ ಇದ್ದವರಲ್ಲಿ ಶೇ. 7. ಅವಳಿಗೆ ಹೋಗಲು ಜಾಗ ಇದೆ ಎಂದು ಗೊತ್ತಿದ್ದರೆ ಕೈ ಎತ್ತುವ ಮೊದಲು ಅವನು ಯೋಚಿಸುತ್ತಾನೆ.

ಈ ದಾರಿ ನಮಗೆ ಹೊಸದಲ್ಲ. ದೇಶದ ಕಾನೂನು 2005ರಲ್ಲಿ ಬದಲಾಗುವ ಮೊದಲೇ, 1994ರಲ್ಲಿ, ಕರ್ನಾಟಕ ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತ್ತು. ಆಮೇಲೆ ಏನಾಯಿತು? "ಮದುವೆಗೆ ಅಷ್ಟು ಖರ್ಚು ಮಾಡಿದ್ದೇವಲ್ಲ" ಎಂದು ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ. ಅವಳೂ ತವರಿನ ಬಾಗಿಲು ಮುಚ್ಚದಿರಲಿ ಎಂದು ಸಹಿ ಹಾಕಿದಳು. ನಾಳೆ ಪೆಟ್ಟು ತಿಂದು ಅದೇ ಬಾಗಿಲಿಗೆ ಬಂದಾಗ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎನ್ನುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಆ ಸಹಿಗೂ ಮಲಗುವ ಕೋಣೆಯ ಏಟಿಗೂ ಸಂಬಂಧ ಇದೆ.

ಮನಸ್ಸು ಬದಲಾಯಿಸುವ ಕೆಲಸವೂ ಸಾಧ್ಯ. ಉಗಾಂಡದ ಕಂಪಾಲಾದಲ್ಲಿ "ಸಾಸಾ" ಎಂಬ ಕಾರ್ಯಕ್ರಮದಲ್ಲಿ ಬೀದಿಯ ಜನರೇ ತಮ್ಮ ಅಕ್ಕಪಕ್ಕದವರ ಜೊತೆ ವರ್ಷಗಟ್ಟಲೆ ಮಾತನಾಡಿದರು. ಹಿಂಸೆ ತಪ್ಪು ಎಂದು ಉಪದೇಶ ಮಾಡುವ ಬದಲು, ಮನೆಯಲ್ಲಿ ಯಾರ ಕೈಯಲ್ಲಿ ಅಧಿಕಾರ ಇದೆ, ಅದನ್ನು ಹೇಗೆ ಬಳಸುತ್ತಾರೆ ಎಂದು ಕೇಳುತ್ತಾ ಹೋದರು. ಕಾರ್ಯಕ್ರಮ ನಡೆದ ಕಡೆ ಗಂಡ ಅಥವಾ ಸಂಗಾತಿಯ ದೈಹಿಕ ಹಿಂಸೆ ಉಳಿದ ಕಡೆಗಿಂತ ಶೇ. 52ರಷ್ಟು ಕಡಿಮೆ ಇತ್ತು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲೂ ಲೈಂಗಿಕ ವೃತ್ತಿಯ ಮಹಿಳೆಯರು ಮತ್ತು ಅವರ ಸಂಗಾತಿಗಳ ಜೊತೆ "ಸಂವೇದನಾ ಪ್ಲಸ್" ಎಂಬ ಪ್ರಯತ್ನ ನಡೆಯಿತು. ಅಲ್ಲಿ ಹಿಂಸೆಯೇ ಇಳಿಯಿತು ಎಂದು ಅಂಕಿಗಳು ಹೇಳಲಿಲ್ಲ. ಹಿಂಸೆಯನ್ನು ಒಪ್ಪಿಕೊಳ್ಳುವ ಮನಸ್ಸು ಕಡಿಮೆಯಾಯಿತು, ತಮ್ಮನ್ನು ಕಾಪಾಡಿಕೊಳ್ಳುವ ದಾರಿ ಹೆಚ್ಚು ಜನರಿಗೆ ತಿಳಿಯಿತು. ಎರಡು ಮೂರು ವರ್ಷದ ಯೋಜನೆಯಿಂದ ತಲೆಮಾರಿನ ಅಭ್ಯಾಸ ಹೋಗುವುದಿಲ್ಲ.

ಅಲ್ಲಿಯ ತನಕ ಪಕ್ಕದ ಮನೆಯವರು ಇದ್ದಾರಲ್ಲ. ನೀವು, ನಾನು. ಕಾಯ್ದೆಯ ನಾಲ್ಕನೇ ಕಲಮಿನ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. ಏಟಿನ ಸದ್ದು ಕೇಳಿದಾಗ ಬಾಗಿಲು ತಟ್ಟಿ ಸಕ್ಕರೆ ಕೇಳಿದರೂ ಕೆಲವು ಸಲ ಆ ಹೊತ್ತಿಗೆ ಕೈ ನಿಲ್ಲುತ್ತದೆ. ಪ್ರಾಣಕ್ಕೆ ಅಪಾಯ ಅನಿಸಿದರೆ ಒಳಗೆ ನುಗ್ಗಬೇಡಿ, 112ಕ್ಕೆ ಕರೆ ಮಾಡಿ. ಅವಳು ಒಬ್ಬಳೇ ಸಿಕ್ಕಾಗ "ಯಾಕೆ ಬಿಟ್ಟು ಬರಲ್ಲ?" ಎನ್ನಬೇಡಿ. "ಇದು ನಿನ್ನ ತಪ್ಪಲ್ಲ, ಯಾವಾಗ ಬೇಕಾದರೂ ಬಾ" ಎಂದರೆ ಸಾಕು. ಹೋಗುವುದು, ಇರುವುದು ಅವಳ ತೀರ್ಮಾನ. ಅಪಾಯ ಎಷ್ಟಿದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಆಧಾರ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಒಂದು ಜೊತೆ ಬಟ್ಟೆ, ಔಷಧಿ ಇವನ್ನು ಒಂದು ಚೀಲದಲ್ಲಿ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಹೇಳಿ. ಸರ್ಕಾರಿ ಬಸ್ಸಿನಲ್ಲಿ ಈಗ ಹೆಂಗಸರಿಗೆ ಟಿಕೆಟ್ ದುಡ್ಡು ಬೇಕಿಲ್ಲ, ಗುರುತಿನ ಚೀಟಿ ಬೇಕು. ಆ ಚೀಟಿ ಗಂಡನ ಬೀರುವಿನಲ್ಲಿದ್ದರೆ ಕೈಯಲ್ಲಿ ದುಡ್ಡಿಲ್ಲದವಳಿಗೆ ಬಸ್ಸೂ ಇಲ್ಲ. ಜಿಲ್ಲಾ ಕೇಂದ್ರದ ಸಖಿ ಕೇಂದ್ರದಲ್ಲಿ ಐದು ದಿನದ ತನಕ ಉಳಿಯಲು ಜಾಗ, ವಕೀಲರು, ಆಪ್ತಸಮಾಲೋಚಕರು ಸಿಗುತ್ತಾರೆ. ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಶಕ್ತಿ ಸದನ ಎಂಬ ಆಸರೆ ಮನೆ ಇದೆ. ಕಾನೂನು ಸೇವಾ ಪ್ರಾಧಿಕಾರದ ವಕೀಲರು ಮಹಿಳೆಯರಿಗೆ ಉಚಿತ, ಆದಾಯ ಎಷ್ಟಿದ್ದರೂ. ಅದರ ಸಂಖ್ಯೆ 15100. ಮಹಿಳಾ ಸಹಾಯವಾಣಿ 181. ಅವಳ ಫೋನನ್ನು ಅವನು ರಾತ್ರಿ ತೆರೆದು ನೋಡಬಹುದು. ನಿಮ್ಮ ಫೋನ್ ಕೊಡಿ, ನಿಮ್ಮ ಅಡುಗೆಮನೆಯಲ್ಲಿ ಕೂತು ಅವಳೇ ಮಾತನಾಡಲಿ.